ಸ್ವಂತ ಸೂರಿಗೆ ತೆತ್ತ ಬೆಲೆ: ಫಿಲಡೆಲ್ಫಿಯಾದ ಸಂತ ಥಾಮಸ್ ಚರ್ಚಿನ ಕಥೆ

1793ರ ಆಗಸ್ಟ್ 22. ಅಮೆರಿಕದ ಫಿಲಡೆಲ್ಫಿಯಾ ನಗರದ ಅಂಚಿನಲ್ಲಿ, ಮರಗಳ ನೆರಳಿನಲ್ಲಿ ಒಂದು ಔತಣ ನಡೆಯಿತು. ನಗರದ ಐದನೆಯ ಬೀದಿಯಲ್ಲಿ ಕಟ್ಟುತ್ತಿದ್ದ ಹೊಸ ಪ್ರಾರ್ಥನಾ ಮಂದಿರಕ್ಕೆ ಅಂದು ಛಾವಣಿಯ ತೊಲೆಗಳನ್ನು ಏರಿಸಲಾಗಿತ್ತು. ಮೊದಲ ಪಂಕ್ತಿಯಲ್ಲಿ ಸುಮಾರು ನೂರು ಮಂದಿ ಬಿಳಿಯರು ಕುಳಿತರು. ಅವರಲ್ಲಿ ಹೆಚ್ಚಿನವರು ಬಡಗಿಗಳು. ಕಪ್ಪುವರ್ಣೀಯರು ಅವರಿಗೆ ಬಡಿಸಿದರು. ಬಳಿಕ ಸುಮಾರು ಐವತ್ತು ಮಂದಿ ಕಪ್ಪುವರ್ಣೀಯರು ಅದೇ ಮೇಜಿಗೆ ಕುಳಿತರು. ಈ ಸಲ ಬಡಿಸಿದವರು ಬಿಳಿಯರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ವೈದ್ಯ ಬೆಂಜಮಿನ್ ರಷ್ ಆ ಔತಣದಲ್ಲಿದ್ದ. ಕಂಡದ್ದನ್ನು ಸಂಭ್ರಮದಿಂದ ಹೆಂಡತಿಗೆ ಪತ್ರ ಬರೆದು ತಿಳಿಸಿದ.

ಪಂಕ್ತಿಭೇದ ಎಂದರೇನೆಂದು ಬಲ್ಲ ಕನ್ನಡದ ಓದುಗರಿಗೆ ಈ ಊಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಅಡಗಿದ್ದ ಮಿತಿಯನ್ನೂ ಹೇಳಬೇಕಾಗಿಲ್ಲ. ಬಡಿಸುವ ಕೈ ಬದಲಾಯಿತೇ ಹೊರತು ಪಂಕ್ತಿಗಳು ಒಂದಾಗಲಿಲ್ಲ. ಅಂದು ಛಾವಣಿ ಕಂಡ ಆ ಮಂದಿರವೇ ಸಂತ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಚರ್ಚ್. ಅಮೆರಿಕದ ಕಪ್ಪುವರ್ಣೀಯರು ಕಟ್ಟಿಕೊಂಡ ಮೊದಲ ಎಪಿಸ್ಕೋಪಲ್ ಸಭೆ ಇದು. ಆ ಊಟದಲ್ಲಿ ಕಂಡ ಗೌರವ ಮತ್ತು ಮಿತಿ ಎರಡೂ ಮುಂದೆ ಎಪ್ಪತ್ತು ವರ್ಷ ಈ ಪುಟ್ಟ ಸಭೆಯ ಬೆನ್ನು ಬಿಡಲಿಲ್ಲ.

ಎಪಿಸ್ಕೋಪಲ್ ಎಂದರೆ

ಎಪಿಸ್ಕೋಪಲ್ ಎಂಬ ಪದಕ್ಕೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟದ್ದು ಎಂದರ್ಥ. ಅಮೆರಿಕದ ವಸಾಹತುಗಳಲ್ಲಿ ಇಂಗ್ಲೆಂಡಿನ ಚರ್ಚ್ ಬೇರೂರಿತ್ತು. ದೇಶ ಸ್ವತಂತ್ರವಾದ ಮೇಲೆ ಇಂಗ್ಲೆಂಡಿನ ದೊರೆಯನ್ನು ಧರ್ಮದ ಮುಖ್ಯಸ್ಥನೆಂದು ಒಪ್ಪುವಂತಿರಲಿಲ್ಲ. ಹೀಗಾಗಿ 1789ರಲ್ಲಿ ಅಲ್ಲಿನ ಆಂಗ್ಲಿಕನ್ನರು ತಮ್ಮದೇ ಸಂವಿಧಾನ ರಚಿಸಿಕೊಂಡು ಎಪಿಸ್ಕೋಪಲ್ ಚರ್ಚ್ ಎಂಬ ಸ್ವತಂತ್ರ ವ್ಯವಸ್ಥೆಯನ್ನು ರೂಪಿಸಿಕೊಂಡರು. ಪ್ರಾರ್ಥನಾ ಕ್ರಮ ಬಹುತೇಕ ಹಳೆಯದೇ, ಆಡಳಿತ ಮಾತ್ರ ಹೊಸದು. ನಮ್ಮಲ್ಲಿ ಬೆಂಗಳೂರಿನ ಸಂತ ಮಾರ್ಕರ ಕೆಥೆಡ್ರಲ್ ಆರಂಭವಾದದ್ದು ಇದೇ ಆಂಗ್ಲಿಕನ್ ಪರಂಪರೆಯಲ್ಲಿ. ದಕ್ಷಿಣದ ಆಂಗ್ಲಿಕನ್ ಸಭೆಗಳು 1947ರಲ್ಲಿ ಇತರ ಪ್ರೊಟೆಸ್ಟೆಂಟ್ ಪಂಗಡಗಳೊಡನೆ ಸೇರಿ ದಕ್ಷಿಣ ಭಾರತ ಸಭೆಯಾದವು.

ಈ ವ್ಯವಸ್ಥೆಯಲ್ಲಿ ಪ್ರತಿ ಸ್ಥಳೀಯ ಸಭೆಗೂ ಒಂದು ಆಡಳಿತ ಮಂಡಳಿ ಇರುತ್ತದೆ. ಹಲವು ಸಭೆಗಳು ಸೇರಿ ಒಂದು ಧರ್ಮಪ್ರಾಂತ. ಧರ್ಮಪ್ರಾಂತದ ವಾರ್ಷಿಕ ಸಮ್ಮೇಳನಕ್ಕೆ ಪ್ರತಿ ಸಭೆಯಿಂದ ಪಾದ್ರಿಯೂ ಪ್ರತಿನಿಧಿಗಳೂ ಹೋಗುತ್ತಾರೆ. ನಿಯಮಗಳನ್ನು ಮಾಡುವುದು, ಬಿಷಪ್ಪರನ್ನು ಆರಿಸುವುದು ಅಲ್ಲಿಯೇ. ಸಂತ ಥಾಮಸ್ ಚರ್ಚಿನ ಕಥೆ ತಿಳಿಯಬೇಕಾದರೆ ಈ ಸಮ್ಮೇಳನದ ಆಸನವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅಂಗಡಿಯ ಗುಲಾಮ

ಚರ್ಚಿನ ಸ್ಥಾಪಕ ಅಬ್ಸಲೋಮ್ ಜೋನ್ಸ್ 1746ರಲ್ಲಿ ಡೆಲವೇರ್ ಪ್ರಾಂತದ ಸಸೆಕ್ಸ್ ಕೌಂಟಿಯಲ್ಲಿ ಗುಲಾಮನಾಗಿ ಹುಟ್ಟಿದವನು. ಬಾಲ್ಯದಲ್ಲಿ ಅವರಿವರು ಕೊಟ್ಟ ಚಿಲ್ಲರೆ ಕಾಸು ಕೂಡಿಟ್ಟು ಅಕ್ಷರಮಾಲೆಯ ಪುಸ್ತಕವನ್ನೂ ಹೊಸ ಒಡಂಬಡಿಕೆಯನ್ನೂ ಕೊಂಡು ತಾನಾಗಿ ಓದಲು ಕಲಿತ. ಹದಿನಾರನೆಯ ವಯಸ್ಸಿನಲ್ಲಿ ಅವನ ತಾಯಿ, ತಂಗಿ ಮತ್ತು ಐವರು ಸೋದರರನ್ನು ಒಡೆಯ ಮಾರಿಬಿಟ್ಟ. ಅಬ್ಸಲೋಮನನ್ನು ಮಾತ್ರ ಫಿಲಡೆಲ್ಫಿಯಾಕ್ಕೆ ಕರೆತಂದು ತನ್ನ ಅಂಗಡಿಯಲ್ಲಿ ದುಡಿಸಿಕೊಂಡ. ಕ್ವೇಕರ್ ಪಂಥದವರು ಕಪ್ಪುವರ್ಣೀಯರಿಗಾಗಿ ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ ಅವನ ಮುಂದಿನ ಕಲಿಕೆ ನಡೆಯಿತು.

1770ರಲ್ಲಿ ಜೋನ್ಸ್ ಮೇರಿ ಎಂಬ ಗುಲಾಮ ಯುವತಿಯನ್ನು ಮದುವೆಯಾದ. ಹಗಲು ಒಡೆಯನಿಗಾಗಿ, ರಾತ್ರಿ ತಮಗಾಗಿ ದುಡಿದು ಹಣ ಕೂಡಿಸತೊಡಗಿದರು. ಆ ಹಣದಿಂದ ಅವನು ಮೊದಲು ಬಿಡಿಸಿಕೊಂಡದ್ದು ತನ್ನನ್ನಲ್ಲ, ಹೆಂಡತಿಯನ್ನು. ಇದಕ್ಕೆ ಪ್ರೀತಿಯ ಜೊತೆಗೆ ಕಾನೂನಿನ ಲೆಕ್ಕವೂ ಕಾರಣ. ಮಕ್ಕಳ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತಿತ್ತು. ತಾಯಿ ಸ್ವತಂತ್ರಳಾದರೆ ಹುಟ್ಟುವ ಮಕ್ಕಳೂ ಸ್ವತಂತ್ರರು, ತಂದೆ ಸ್ವತಂತ್ರನಾದರೂ ತಾಯಿ ಗುಲಾಮಳಾಗಿದ್ದರೆ ಮಕ್ಕಳು ಒಡೆಯನ ಸ್ವತ್ತು. ತನ್ನ ಬಿಡುಗಡೆಗಾಗಿ ಜೋನ್ಸ್ ಮತ್ತೆ ಮತ್ತೆ ಹಣ ಮುಂದಿಟ್ಟರೂ ಒಡೆಯ ಒಪ್ಪಲಿಲ್ಲ. ಕೊನೆಗೆ 1784ರಲ್ಲಿ ಬಿಡುಗಡೆ ಪತ್ರ ದೊರೆತಾಗ ಅವನಿಗೆ 37 ವರ್ಷ ದಾಟಿತ್ತು. ಆ ಬಳಿಕವೂ ಅದೇ ಅಂಗಡಿಯಲ್ಲಿ ಕೂಲಿ ಪಡೆದು ದುಡಿದ.

ಪ್ರಾರ್ಥನೆಯ ನಡುವೆ

ಆ ಕಾಲಕ್ಕೆ ಫಿಲಡೆಲ್ಫಿಯಾ ಕಪ್ಪುವರ್ಣೀಯರ ಪಾಲಿಗೆ ಆಸೆಯ ಊರಾಗಿತ್ತು. ಪೆನ್ಸಿಲ್ವೇನಿಯಾ 1780ರಲ್ಲಿಯೇ ಗುಲಾಮಗಿರಿಯನ್ನು ಹಂತಹಂತವಾಗಿ ತೊಡೆದುಹಾಕುವ ಕಾನೂನು ಮಾಡಿತ್ತು. ಸುತ್ತಲಿನ ಪ್ರಾಂತಗಳಿಂದ ಸ್ವತಂತ್ರರೂ ತಪ್ಪಿಸಿಕೊಂಡು ಬಂದವರೂ ಅಲ್ಲಿ ನೆಲೆಸತೊಡಗಿದರು. ಜೋನ್ಸ್ ಮತ್ತು ಅವನಿಗಿಂತ ಕಿರಿಯನಾದ ರಿಚರ್ಡ್ ಆ್ಯಲನ್ ಸಂತ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ತಮ್ಮ ಜನಕ್ಕೆ ಉಪದೇಶ ಮಾಡುತ್ತಿದ್ದರು. 1787ರ ಏಪ್ರಿಲ್ 12ರಂದು ಅವರಿಬ್ಬರ ಮುಂದಾಳುತನದಲ್ಲಿ ಫ್ರೀ ಆಫ್ರಿಕನ್ ಸೊಸೈಟಿ ಎಂಬ ಪರಸ್ಪರ ಸಹಾಯ ಸಂಘ ಹುಟ್ಟಿತು. ಸದಸ್ಯರು ತಿಂಗಳಿಗೆ ಒಂದು ಷಿಲಿಂಗ್ ಕೊಡಬೇಕು. ಒಂದು ವರ್ಷ ತುಂಬಿದ ಮೇಲೆ ಕಷ್ಟಕ್ಕೆ ಸಿಲುಕಿದವರಿಗೆ ವಾರಕ್ಕೆ ಮೂರು ಷಿಲಿಂಗ್ ಒಂಬತ್ತು ಪೆನ್ಸ್ ನೆರವು. ವಿಧವೆಯರ ಪೋಷಣೆ, ಅನಾಥ ಮಕ್ಕಳ ಓದು ಇವೂ ಸಂಘದ ಹೊಣೆಗಳಾದವು.

ಸಂತ ಜಾರ್ಜ್ ಚರ್ಚಿಗೆ ಬರುವ ಕಪ್ಪುವರ್ಣೀಯರ ಸಂಖ್ಯೆ ಹೆಚ್ಚಿದಂತೆ ಬಿಳಿಯ ಆಡಳಿತಗಾರರ ಕಸಿವಿಸಿಯೂ ಹೆಚ್ಚಿತು. ಮೊದಲು ಗೋಡೆಯ ಪಕ್ಕದ ಆಸನಗಳು, ಆಮೇಲೆ ಮೇಲಂತಸ್ತಿನ ಗ್ಯಾಲರಿ. ಆ ಕಟ್ಟಡದ ವಿಸ್ತರಣೆಗೆ ಹಣವನ್ನೂ ದುಡಿಮೆಯನ್ನೂ ಕೊಟ್ಟಿದ್ದವರಿಗೇ ಈ ವ್ಯವಸ್ಥೆ. ಒಂದು ಭಾನುವಾರ ಪ್ರಾರ್ಥನೆ ನಡೆಯುತ್ತಿದ್ದಾಗ ಮೊಣಕಾಲೂರಿದ್ದ ಜೋನ್ಸನನ್ನು ಆಡಳಿತದವನೊಬ್ಬ ಹಿಡಿದೆಳೆದು ಎಬ್ಬಿಸಿದ. ಪ್ರಾರ್ಥನೆ ಮುಗಿಯುವವರೆಗೆ ತಾಳಿರಿ ಎಂದು ಜೋನ್ಸ್ ಬೇಡಿಕೊಂಡರೂ ಕೇಳಲಿಲ್ಲ. ಪ್ರಾರ್ಥನೆ ಮುಗಿಯಿತು. ಕಪ್ಪುವರ್ಣೀಯರೆಲ್ಲ ಒಟ್ಟಾಗಿ ಎದ್ದು ಹೊರನಡೆದರು. ಆ್ಯಲನ್ ತನ್ನ ಆತ್ಮಕಥನದಲ್ಲಿ ಈ ಘಟನೆಗೆ 1787ರ ಕಾಲವನ್ನು ಕೊಟ್ಟಿದ್ದಾನೆ. ಗ್ಯಾಲರಿಯ ನಿರ್ಮಾಣದ ದಾಖಲೆಗಳನ್ನು ನೋಡಿದ ಇತಿಹಾಸಕಾರರು ಇದು 1792ರ ಸುಮಾರಿಗೆ ನಡೆದಿರಬೇಕೆಂದು ಹೇಳುತ್ತಾರೆ.

ಸ್ವಂತ ಪ್ರಾರ್ಥನಾ ಮಂದಿರದ ಯೋಚನೆ 1791ರ ಹೊತ್ತಿಗೆ ಗಟ್ಟಿಯಾಗಿತ್ತು. ವೈದ್ಯ ರಷ್ ಅದರ ಪರವಾಗಿ ಚಂದಾ ಎತ್ತಲು ನೆರವಾದ. ಆದರೆ ಎಪಿಸ್ಕೋಪಲ್ ಬಿಷಪ್ ವಿಲಿಯಂ ವೈಟ್ ಮೊದಲು ಇದನ್ನು ಮೆಚ್ಚಲಿಲ್ಲ. ಇದು ಅಹಂಕಾರದಿಂದ ಹುಟ್ಟಿದ ಯೋಜನೆ ಎಂಬುದು ಆತನ ಅಭಿಪ್ರಾಯವಾಗಿತ್ತೆಂದು ರಷ್ ಬರೆದಿಟ್ಟಿದ್ದಾನೆ. ಮುಂದೆ ಈ ಸಭೆಯನ್ನು ಬರಮಾಡಿಕೊಂಡು ಜೋನ್ಸನಿಗೆ ದೀಕ್ಷೆ ನೀಡಿದವನೂ ಇದೇ ಬಿಷಪ್.

ಹಳದಿ ಜ್ವರದ ಲೆಕ್ಕಪುಸ್ತಕ

ಛಾವಣಿಯ ಔತಣ ನಡೆದ ದಿನಗಳಲ್ಲಿಯೇ ನಗರದಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತ್ತು. ನವೆಂಬರಿನಲ್ಲಿ ಚಳಿ ಬಿದ್ದು ಅದು ಅಡಗುವ ಹೊತ್ತಿಗೆ ಸುಮಾರು 50,000 ಜನಸಂಖ್ಯೆಯ ಊರಿನಲ್ಲಿ ಸುಮಾರು 5,000 ಮಂದಿ ಸತ್ತಿದ್ದರು. ಫಿಲಡೆಲ್ಫಿಯಾ ಆಗ ದೇಶದ ರಾಜಧಾನಿ. ಅಧ್ಯಕ್ಷ ವಾಷಿಂಗ್ಟನ್ ಸೇರಿದಂತೆ ಹೋಗಬಲ್ಲವರೆಲ್ಲ ಊರು ಬಿಟ್ಟರು. ರೋಗವನ್ನು ಹರಡುವುದು ಸೊಳ್ಳೆ ಎಂಬುದು ಖಚಿತವಾದದ್ದು ಒಂದು ಶತಮಾನದ ನಂತರ. ಕಪ್ಪುವರ್ಣೀಯರಿಗೆ ಈ ಜ್ವರ ತಗಲುವುದಿಲ್ಲವೆಂದು ರಷ್ ನಂಬಿದ್ದ, ಅವರ ಸಹಾಯವನ್ನು ಕೋರಿದ. ಜೋನ್ಸ್ ಮತ್ತು ಆ್ಯಲನ್ ಒಪ್ಪಿದರು. ಕಟ್ಟಡದ ಕೆಲಸವನ್ನು ಬದಿಗಿಟ್ಟು ಅವರ ಜನ ರೋಗಿಗಳ ಶುಶ್ರೂಷೆಗೂ ಶವಗಳನ್ನು ಹೂಳುವ ಕೆಲಸಕ್ಕೂ ಇಳಿದರು. ರಷ್ ಹೇಳಿಕೊಟ್ಟಂತೆ, ಅಂದಿನ ಚಿಕಿತ್ಸಾ ಪದ್ಧತಿಯಾದ ರಕ್ತ ತೆಗೆಯುವ ಕೆಲಸವನ್ನೂ ಇಬ್ಬರು ಮಾಡಿದರು.

ರಷ್ ನಂಬಿಕೆ ಸುಳ್ಳಾಯಿತು. 1792ರಲ್ಲಿ ನಗರದಲ್ಲಿ ಹೂಳಲಾದ ಕಪ್ಪುವರ್ಣೀಯರ ಸಂಖ್ಯೆ 67. 1793ರಲ್ಲಿ ಅದು 305ಕ್ಕೆ ಏರಿತು. ಇಷ್ಟಾದ ಮೇಲೆ ಮುದ್ರಕ ಮ್ಯಾಥ್ಯೂ ಕ್ಯಾರಿ ಪ್ರಕಟಿಸಿದ ಕಿರುಹೊತ್ತಗೆ ಕೈಯಿಂದ ಕೈಗೆ ಹರಡಿತು. ಅದರಲ್ಲಿ ಜೋನ್ಸ್ ಮತ್ತು ಆ್ಯಲನ್‌ರ ಹೆಸರೆತ್ತಿ ಹೊಗಳಿಕೆ ಇತ್ತು. ಆದರೆ ಕಪ್ಪುವರ್ಣೀಯ ದಾದಿಯರಲ್ಲಿ ಕೆಲವರು ವಿಪರೀತ ಹಣ ಕಿತ್ತರು, ಮನೆಗಳನ್ನು ದೋಚಿದರು ಎಂಬ ಆರೋಪವೂ ಇತ್ತು.

ಇಬ್ಬರೂ ಸುಮ್ಮನಿರಲಿಲ್ಲ. 1794ರ ಜನವರಿಯಲ್ಲಿ ತಮ್ಮದೇ ಉತ್ತರವನ್ನು ಅಚ್ಚು ಹಾಕಿಸಿದರು. ಅಮೆರಿಕದಲ್ಲಿ ಕಪ್ಪುವರ್ಣೀಯ ಲೇಖಕರು ಕೃತಿಸ್ವಾಮ್ಯ ಪಡೆದು ಪ್ರಕಟಿಸಿದ ಮೊದಲ ಹೊತ್ತಗೆಯೆಂದು ಇದನ್ನು ಗುರುತಿಸಲಾಗುತ್ತದೆ. ಆ ಉತ್ತರದ ಬಲವಿರುವುದು ಆವೇಶದಲ್ಲಿ ಅಲ್ಲ, ಲೆಕ್ಕದಲ್ಲಿ. ಶವಗಳನ್ನು ಸಾಗಿಸಿ ಹೂಳಿದ್ದಕ್ಕೆ ಬಂದ ಹಣ 233 ಪೌಂಡ್ 10 ಷಿಲಿಂಗ್ 4 ಪೆನ್ಸ್. ಹಣ ಬಾರದ ಶವಪೆಟ್ಟಿಗೆಗಳಿಗೆ ಆದ ಖರ್ಚು 33 ಪೌಂಡ್. ಐವರು ಆಳುಗಳಲ್ಲಿ ಮೂವರಿಗೆ 70 ದಿನ, ಇಬ್ಬರಿಗೆ 63 ದಿನ, ದಿನಕ್ಕೆ ತಲಾ 22 ಷಿಲಿಂಗ್ 6 ಪೆನ್ಸಿನಂತೆ ಕೂಲಿ 378 ಪೌಂಡ್. ಒಟ್ಟು ವೆಚ್ಚ 411 ಪೌಂಡ್. ಅಂದರೆ ಕೈಯಿಂದ ಹೋದದ್ದು 177 ಪೌಂಡ್ 9 ಷಿಲಿಂಗ್ 8 ಪೆನ್ಸ್. ಲಾಭಕೋರರೆಂದು ದೂರಿದವರಿಗೆ ಪೈಸೆ ಪೈಸೆಯ ಲೆಕ್ಕ ಒಪ್ಪಿಸಿ, ಪಿಡುಗಿನ ನಡುವೆ ಊರು ಬಿಟ್ಟುಹೋಗಿದ್ದ ಕ್ಯಾರಿಯೇ ತನ್ನ ಪುಸ್ತಕದ ಮಾರಾಟದಿಂದ ಗಳಿಸಿದ್ದನ್ನೂ ನೆನಪಿಸಿದರು. ಅವರ ನಡತೆ ಮೆಚ್ಚಿ ನಗರದ ಮೇಯರ್ ಕೊಟ್ಟ ಪ್ರಮಾಣಪತ್ರವೂ ಹೊರಬಂತು.

ಮೂರು ಷರತ್ತು, ಒಂದು ಮರುಷರತ್ತು

1794ರ ಜುಲೈ 17ರಂದು ಹೊಸ ಮಂದಿರದ ಬಾಗಿಲು ತೆರೆಯಿತು. ಯಾವ ಪಂಗಡಕ್ಕೆ ಸೇರಬೇಕೆಂಬ ಪ್ರಶ್ನೆ ಅದಕ್ಕೂ ಮೊದಲೇ ಎದ್ದಿತ್ತು. ಜೋನ್ಸ್ ಮತ್ತು ಆ್ಯಲನ್ ಇಬ್ಬರ ಒಲವೂ ಮೆಥಡಿಸ್ಟರ ಕಡೆಗಿತ್ತು. ಆದರೆ ಬಹುಮತ ಎಪಿಸ್ಕೋಪಲ್ ಚರ್ಚಿನ ಪರವಾಗಿತ್ತು. ಗ್ಯಾಲರಿಯ ಗಾಯ ಇನ್ನೂ ಹಸಿಯಾಗಿತ್ತು. ಸಭೆಯ ನಾಯಕತ್ವ ಮೊದಲು ಆ್ಯಲನ್‌ನನ್ನು ಅರಸಿ ಬಂತು. ತಾನು ಮೆಥಡಿಸ್ಟನಲ್ಲದೆ ಬೇರೇನೂ ಆಗಲಾರೆನೆಂದು ಆತ ಒಲ್ಲೆನೆಂದ. ಅದೇ ತಿಂಗಳು ಬೆಥೆಲ್ ಎಂಬ ಬೇರೊಂದು ಮಂದಿರವನ್ನು ತೆರೆದ. 1816ರಲ್ಲಿ ಹುಟ್ಟಿದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಎಂಬ ಸ್ವತಂತ್ರ ಪಂಗಡಕ್ಕೆ ಅದೇ ಬುನಾದಿ. ಗೆಳೆಯರು ಬೇರೆ ದಾರಿ ಹಿಡಿದರೂ ಗೆಳೆತನ ಮುರಿಯಲಿಲ್ಲ. ಜೋನ್ಸ್ ಬಹುಮತಕ್ಕೆ ತಲೆಬಾಗಿ ಹೊಣೆ ಹೊತ್ತ.

ಎಪಿಸ್ಕೋಪಲ್ ಧರ್ಮಪ್ರಾಂತದ ಮುಂದೆ ಸಭೆ ಮೂರು ಷರತ್ತುಗಳನ್ನಿಟ್ಟಿತು. ತಮ್ಮನ್ನು ಬಿಡಿ ವ್ಯಕ್ತಿಗಳಾಗಿ ಅಲ್ಲ, ಸಂಘಟಿತ ಸಭೆಯಾಗಿಯೇ ಸೇರಿಸಿಕೊಳ್ಳಬೇಕು. ತಮ್ಮ ಸ್ಥಳೀಯ ವ್ಯವಹಾರಗಳ ಮೇಲೆ ತಮ್ಮದೇ ಅಧಿಕಾರ ಇರಬೇಕು. ಜೋನ್ಸನಿಗೆ ಆರಾಧನೆ ನಡೆಸುವ ಅನುಮತಿ ನೀಡಿ, ಅರ್ಹನೆಂದು ಕಂಡರೆ ಪಾದ್ರಿಯ ದೀಕ್ಷೆ ಕೊಡಬೇಕು. ಗುಲಾಮಗಿರಿ ಕಾನೂನುಬದ್ಧವಾಗಿದ್ದ ದೇಶದಲ್ಲಿ, ಒಂದು ದಶಕದ ಹಿಂದಿನವರೆಗೂ ಗುಲಾಮನಾಗಿದ್ದವನ ಮುಂದಾಳುತನದ ಸಭೆಯೊಂದು ಬಿಷಪ್ಪನ ಮುಂದೆ ಷರತ್ತು ಇಟ್ಟದ್ದೇ ಅಸಾಮಾನ್ಯ. ಮೂರೂ ಷರತ್ತುಗಳಿಗೆ ಒಪ್ಪಿಗೆ ಸಿಕ್ಕಿದ್ದು ಇನ್ನೂ ಅಸಾಮಾನ್ಯ.

ಆದರೆ ಮರುಷರತ್ತು ಬಂತು. ದೀಕ್ಷೆ ಪಡೆಯುವವರಿಗೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಗೊತ್ತಿರಬೇಕೆಂಬ ನಿಯಮವಿತ್ತು. 1795ರಲ್ಲಿ ಜೋನ್ಸನಿಗೆ ಅದರಿಂದ ವಿನಾಯಿತಿ ನೀಡಲಾಯಿತು. ಅದಕ್ಕೆ ಪ್ರತಿಯಾಗಿ ಸಂತ ಥಾಮಸ್ ಸಭೆ ಧರ್ಮಪ್ರಾಂತದ ಸಮ್ಮೇಳನಕ್ಕೆ ಪಾದ್ರಿಯನ್ನಾಗಲಿ ಪ್ರತಿನಿಧಿಗಳನ್ನಾಗಲಿ ಕಳಿಸುವಂತಿಲ್ಲ ಎಂದಾಯಿತು. ಜೋನ್ಸ್ ಅದೇ ವರ್ಷ ಡೀಕನ್ ಆದ. ಕೆಲವು ವರ್ಷಗಳ ನಂತರ ಪಾದ್ರಿಯಾದ. ಅಮೆರಿಕದ ಎಪಿಸ್ಕೋಪಲ್ ಚರ್ಚಿನಲ್ಲಿ ಈ ದೀಕ್ಷೆ ಪಡೆದ ಮೊದಲ ಕಪ್ಪುವರ್ಣೀಯ ಅವನೇ. ಮನೆ ತಮ್ಮದಾಯಿತು, ಮನೆಯೊಳಗಿನ ಮಾತು ತಮ್ಮದಾಯಿತು. ಊರ ಪಂಚಾಯಿತಿಯಲ್ಲಿ ಮಾತ್ರ ಜಾಗ ಸಿಗಲಿಲ್ಲ.

ಸಭೆ ಬೆಳೆದ ಬಗೆ

ಒಂದು ವರ್ಷದೊಳಗೆ ಸದಸ್ಯರ ಸಂಖ್ಯೆ 400 ದಾಟಿತು. ಈ ಬೆಳವಣಿಗೆಗೆ ಕಾರಣ ಭಾನುವಾರದ ಆರಾಧನೆಯೊಂದೇ ಅಲ್ಲ. ಮಕ್ಕಳ ಓದು, ಬಡವರಿಗೆ ನೆರವು, ಪರಸ್ಪರ ಸಹಾಯ ನಿಧಿ ಎಲ್ಲಕ್ಕೂ ಆ ಸೂರು ಆಸರೆಯಾಯಿತು. ನೂರಾರು ಕುಟುಂಬಗಳ ಪಾಲಿಗೆ, ಮೇಲೆ ಹೋಗಿ ಕುಳಿತುಕೋ ಎಂದು ಯಾರೂ ಹೇಳದ ಜಾಗ ನಗರದಲ್ಲಿ ಅದೊಂದಾಗಿತ್ತು. ನೂರಾರು ಸದಸ್ಯರಲ್ಲಿ ಹಾಯಿಪಟ ತಯಾರಿಕೆಯಲ್ಲಿ ಹೆಸರು ಮಾಡಿ, ಕಪ್ಪು ಬಿಳುಪೆನ್ನದೆ ಕೆಲಸಗಾರರನ್ನು ಇಟ್ಟುಕೊಂಡಿದ್ದ ಶ್ರೀಮಂತ ಜೇಮ್ಸ್ ಫೋರ್ಟೆನ್ ಪ್ರಮುಖ. ಆತ ಸಭೆಯ ಆಡಳಿತ ಮಂಡಳಿಯಲ್ಲೂ ಇದ್ದ.

ಸಮ್ಮೇಳನದಲ್ಲಿ ದನಿ ಎತ್ತಲಾಗದವರು ದೇಶದ ಸಂಸತ್ತಿನ ಮುಂದೆ ದನಿ ಎತ್ತಿದರು. ಆ ದಿನಗಳಲ್ಲಿ ಅಮೆರಿಕದ ಕಾಂಗ್ರೆಸ್ ಸಭೆ ಸೇರುತ್ತಿದ್ದುದು ಚರ್ಚಿನಿಂದ ಕೆಲವೇ ಬೀದಿಗಳ ದೂರದಲ್ಲಿ. 1799ರ ಡಿಸೆಂಬರ್ 30ರ ದಿನಾಂಕ ಹೊತ್ತ ಮನವಿಗೆ ಜೋನ್ಸ್ ಮತ್ತು 70ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಗುಲಾಮ ವ್ಯಾಪಾರವನ್ನೂ, ತಪ್ಪಿಸಿಕೊಂಡವರೆಂಬ ನೆಪದಲ್ಲಿ ಸ್ವತಂತ್ರರನ್ನೂ ಹಿಡಿದೊಯ್ಯಲು ದಾರಿಯಾಗಿದ್ದ 1793ರ ಕಾಯಿದೆಯನ್ನೂ ಅದು ಪ್ರಶ್ನಿಸಿತ್ತು. ಇಂಥ ಬೇಡಿಕೆಗೆ ಪ್ರೋತ್ಸಾಹ ಕೊಡಬಾರದೆಂದು ಪ್ರತಿನಿಧಿಗಳ ಸಭೆ 85 ಮತಗಳಿಂದ ತೀರ್ಮಾನಿಸಿತು. ವಿರುದ್ಧ ಬಿದ್ದದ್ದು ಒಂದೇ ಮತ. ಎಂಟು ವರ್ಷಗಳ ನಂತರ, 1808ರ ಜನವರಿ 1ರಂದು, ಹೊರದೇಶಗಳಿಂದ ಗುಲಾಮರನ್ನು ತರುವುದು ನಿಷಿದ್ಧವಾದ ದಿನ ಜೋನ್ಸ್ ತನ್ನ ಚರ್ಚಿನಲ್ಲಿ ಕೃತಜ್ಞತಾ ಪ್ರವಚನ ನೀಡಿದ. ಆ ದಿನವನ್ನು ಪ್ರತಿವರ್ಷ ಆಚರಿಸಬೇಕೆಂದು ಕರೆ ಕೊಟ್ಟ.

1817ರಲ್ಲಿ ಸ್ವತಂತ್ರ ಕಪ್ಪುವರ್ಣೀಯರನ್ನು ಆಫ್ರಿಕಾಕ್ಕೆ ಕಳುಹಿಸುವ ಯೋಜನೆ ಹುಟ್ಟಿದಾಗ ಅದನ್ನು ವಿರೋಧಿಸಿ ಬೆಥೆಲ್ ಚರ್ಚಿನಲ್ಲಿ ದೊಡ್ಡ ಸಭೆ ಸೇರಿತು. ಜೋನ್ಸ್, ಆ್ಯಲನ್, ಫೋರ್ಟೆನ್ ಮೂವರೂ ಅಲ್ಲಿದ್ದರು. ಪಂಗಡ ಬೇರೆಯಾದರೂ ಕಷ್ಟಕಾಲದಲ್ಲಿ ಎರಡು ಚರ್ಚುಗಳೂ ಒಂದೇ ಎಂಬುದಕ್ಕೆ ಇದು ಸಾಕ್ಷಿ. ಮರುವರ್ಷ ಫೆಬ್ರವರಿ 13ರಂದು ಜೋನ್ಸ್ ತೀರಿಕೊಂಡ.

ಆಸನಕ್ಕಾಗಿ ಎಪ್ಪತ್ತು ವರ್ಷ

ಸ್ಥಾಪಕನ ನಂತರವೂ ಸಭೆ ಉಳಿಯಿತು. 1834ರಿಂದ 1862ರವರೆಗೆ ಇಲ್ಲಿ ಪಾದ್ರಿಯಾಗಿದ್ದ ವಿಲಿಯಂ ಡಗ್ಲಸ್ ಹಳೆಯ ನಡಾವಳಿಗಳನ್ನು ಒಟ್ಟುಗೂಡಿಸಿ 1862ರಲ್ಲಿ ಚರ್ಚಿನ ಇತಿಹಾಸವನ್ನು ಪ್ರಕಟಿಸಿದ. ಫ್ರೀ ಆಫ್ರಿಕನ್ ಸೊಸೈಟಿಯ ಆರಂಭದ ದಿನಗಳ ಬಗ್ಗೆ ಇಂದು ತಿಳಿದಿರುವ ಬಹಳಷ್ಟು ಸಂಗತಿಗಳು ಆ ಗ್ರಂಥದಿಂದಲೇ ಬಂದಿವೆ.

ಅಷ್ಟೊತ್ತಿಗೆ ನ್ಯೂಯಾರ್ಕಿನಲ್ಲಿ ಇದೇ ಬಗೆಯ ಹೋರಾಟ ಫಲ ಕೊಟ್ಟಿತ್ತು. ಅಲ್ಲಿನ ಕಪ್ಪುವರ್ಣೀಯರ ಸಂತ ಫಿಲಿಪ್ ಚರ್ಚಿಗೆ 1853ರಲ್ಲಿ ತನ್ನ ಧರ್ಮಪ್ರಾಂತದ ಸಮ್ಮೇಳನದಲ್ಲಿ ಪ್ರವೇಶ ದೊರೆಯಿತು. ಪೆನ್ಸಿಲ್ವೇನಿಯಾದಲ್ಲಿ ಬಾಗಿಲು ತೆರೆದದ್ದು 1860ರ ದಶಕದಲ್ಲಿ, ಅಂತರ್ಯುದ್ಧದ ವರ್ಷಗಳಲ್ಲಿ. ಗ್ರೀಕ್ ಲ್ಯಾಟಿನ್ ಬಾರದ ಒಬ್ಬನಿಗೆ ಕೊಟ್ಟ ವಿನಾಯಿತಿಯ ಬೆಲೆಯನ್ನು ಅವನ ಮೊಮ್ಮಕ್ಕಳ ತಲೆಮಾರಿನವರೂ ತೆರಬೇಕಾಯಿತು.

ಚರ್ಚಿನ ಹೊರಗೆ ಬೀದಿಯಲ್ಲಿ ಹಳೆಯ ರೂಢಿಯೇ ನಡೆದಿತ್ತು. 1864ರಲ್ಲಿ ಸಂತ ಥಾಮಸ್ ಚರ್ಚಿನ ಅಂದಿನ ಪಾದ್ರಿ ವಿಲಿಯಂ ಆಲ್ಸ್ಟನ್, ಕಾಯಿಲೆಯ ಮಗುವನ್ನು ಎತ್ತಿಕೊಂಡು ಟ್ರಾಮ್ ಹತ್ತಲು ಹೋದಾಗ ಹತ್ತಿಸಿಕೊಳ್ಳಲಿಲ್ಲ. ಆತ ಪತ್ರಿಕೆಗೆ ಬರೆದು ನಗರದ ಕ್ರೈಸ್ತರನ್ನು ಪ್ರಶ್ನಿಸಿದ. 1867ರಲ್ಲಿ ಪೆನ್ಸಿಲ್ವೇನಿಯಾ ಟ್ರಾಮುಗಳಲ್ಲಿನ ವರ್ಣಭೇದವನ್ನು ಕಾನೂನಿನ ಮೂಲಕ ನಿಷೇಧಿಸಿತು.

ಊರು ಸರಿದಂತೆ ಸರಿದ ಚರ್ಚ್

ಮೂಲ ಕಟ್ಟಡ ಇಂದು ಇಲ್ಲ. ನಗರ ಪಶ್ಚಿಮಕ್ಕೆ ಹರಡಿದಂತೆ ಸಭೆಯೂ ಸರಿಯಿತು. 19ನೆಯ ಶತಮಾನದ ಕೊನೆಯಲ್ಲಿ ಹನ್ನೆರಡನೆಯ ಬೀದಿಗೆ, 20ನೆಯ ಶತಮಾನದಲ್ಲಿ ಪಶ್ಚಿಮ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಓವರ್‌ಬ್ರೂಕ್ ಪ್ರದೇಶದ ಲ್ಯಾಂಕಾಸ್ಟರ್ ಅವೆನ್ಯೂಗೆ. ಜೋನ್ಸನ ಅವಶೇಷಗಳೂ ಸ್ಮಶಾನದಿಂದ ಸ್ಮಶಾನಕ್ಕೆ ಸಾಗಿ, ಕೊನೆಗೆ ಈಗಿನ ಚರ್ಚಿನೊಳಗೆ ನೆಲೆ ಕಂಡಿವೆ. ಎಪಿಸ್ಕೋಪಲ್ ಚರ್ಚ್ ತನ್ನ ಪಂಚಾಂಗದಲ್ಲಿ ಫೆಬ್ರವರಿ 13ನ್ನು ಅವನ ಸ್ಮರಣೆಯ ದಿನವೆಂದು ಗುರುತಿಸಿದೆ.

ಈ ಕಥೆಯನ್ನು ಗೆಲುವೆಂದು ಓದಬೇಕೋ ರಾಜಿಯೆಂದು ಓದಬೇಕೋ ಎಂಬ ಪ್ರಶ್ನೆ ಸಹಜ. ಆ್ಯಲನ್ ಹೊಸ ಪಂಗಡವನ್ನೇ ಕಟ್ಟಿದ, ಯಾರ ಅನುಮತಿಯೂ ಬೇಕಾಗದ ಸ್ವಾತಂತ್ರ್ಯ ಗಳಿಸಿದ. ಜೋನ್ಸನ ಸಭೆ ಹಳೆಯ ಮನೆಯ ಒಂದು ಕೋಣೆಯಲ್ಲಿ ಉಳಿದು ಪೂರ್ಣ ಹಕ್ಕಿಗಾಗಿ ಕಾಯಿತು. ಸಿಕ್ಕಿದ್ದನ್ನು ಭದ್ರಪಡಿಸಿಕೊಂಡು ಸಿಗದ್ದಕ್ಕಾಗಿ ಕೇಳುತ್ತಲೇ ಇರುವುದು ಅದರ ರೀತಿಯಾಗಿತ್ತು. ತನ್ನ ಬಿಡುಗಡೆಗೆ ಮುನ್ನ ಹೆಂಡತಿಯ ಬಿಡುಗಡೆಗೆ ಹಣ ಕಟ್ಟಿದವನ ಸಭೆಗೆ ಇದು ಒಪ್ಪುವ ರೀತಿಯೇ. ಎರಡೂ ದಾರಿಗಳಿಗೆ ಬೆಲೆ ಇತ್ತು, ಎರಡೂ ಇಂದಿಗೂ ನಡೆಯುತ್ತಿವೆ.

2015ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚ್ ತನ್ನ ಪ್ರಧಾನ ಬಿಷಪ್ಪರಾಗಿ ಮೈಕಲ್ ಕರಿ ಅವರನ್ನು ಆರಿಸಿತು. ಆ ಹುದ್ದೆಗೆ ಬಂದ ಮೊದಲ ಕಪ್ಪುವರ್ಣೀಯ ಅವರು, 2024ರವರೆಗೆ ಅದರಲ್ಲಿದ್ದರು. ಸಮ್ಮೇಳನದ ಒಂದು ಆಸನ ಬೇಡಿದ್ದವರ ಪರಂಪರೆಯಿಂದ ಒಬ್ಬರು ಅಧ್ಯಕ್ಷರ ಪೀಠಕ್ಕೆ ಬರಲು, ಜೋನ್ಸನ ದೀಕ್ಷೆಯಿಂದ ಎಣಿಸಿದರೆ 220 ವರ್ಷ ಹಿಡಿಯಿತು.